ನ್ಯಾಯಾಲಯದ ‘ಅಳಿಸಿ’ ಎಂಬ ಆದೇಶ ಎಷ್ಟು ದೂರ ಸಾಗುತ್ತದೆ? – ಗಡಿನಾಡಿನ ಪೋಷಕರಿಗೊಂದು ವಿವರಣೆ

ಕಣೇಕಲ್ಲಿನ ಜನರಿಗೆ ಗಡಿಯೆಂದರೇನು ಎಂಬುದನ್ನು ಯಾರೂ ವಿವರಿಸಿ ಹೇಳಬೇಕಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ, ಅದುವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ ರಾಯದುರ್ಗ ತಾಲ್ಲೂಕು ಗೆರೆಯ ಈಚೆಗೆ ಬಂದಿತು. ಬಳ್ಳಾರಿ ಆಚೆಗೆ ಉಳಿಯಿತು. ಭಾಷೆ, ಬೀಗತನ, ಸಂತೆ, ಜಾತ್ರೆಗಳು ಅಂದಿನಿಂದ ಇಂದಿನವರೆಗೆ ಆ ಗೆರೆಯನ್ನು ದಾಟಿಕೊಂಡೇ ಇವೆ. ಹಗರಿ ಹೊಳೆಯೂ ಗೆರೆಯನ್ನು ಕೇಳಿ ಹರಿಯುವುದಿಲ್ಲ. ಆದರೆ ಕಚೇರಿಯ ಆದೇಶ, ಪಠ್ಯಪುಸ್ತಕ, ನೇಮಕಾತಿಯ ನಿಯಮಗಳು ಗೆರೆಯ ಬಳಿಗೆ ಬಂದು ನಿಲ್ಲುತ್ತವೆ. ರಾಯದುರ್ಗದಲ್ಲಿಯೂ, ಇಂದು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ಮಡಕಶಿರದಲ್ಲಿಯೂ ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುವ ಪ್ರತಿಯೊಂದು ಮನೆಗೂ ಈ ಅನುಭವವಿದೆ.

ಅಂತರ್ಜಾಲದಲ್ಲಿ ಹರಿದಾಡುವ ಚಿತ್ರಕ್ಕೂ ನ್ಯಾಯಾಲಯದ ಆದೇಶಕ್ಕೂ ನಡುವೆ ಇರುವುದು ಇಂತಹುದೇ ಸಂಬಂಧ. ಚಿತ್ರವು ಹೊಳೆಯಂತೆ ಗಡಿ ದಾಟುತ್ತದೆ. ಆದೇಶವು ಕಚೇರಿಯ ಕಾಗದದಂತೆ ಗಡಿಯಲ್ಲಿ ನಿಲ್ಲುತ್ತದೆ. ಹಾಗಾದರೆ ಒಂದು ದೇಶದ ನ್ಯಾಯಾಲಯವು ‘ಇದನ್ನು ಲೋಕದ ಎಲ್ಲ ಕಡೆಗಳಿಂದಲೂ ತೆಗೆಯಿರಿ’ ಎಂದು ಆದೇಶಿಸಬಹುದೇ? ಆದೇಶಿಸಿದರೆ ಅದು ನಡೆಯುತ್ತದೆಯೇ? ಮಕ್ಕಳ ಕೈಗೆ ಫೋನ್ ಕೊಟ್ಟಿರುವ ನಮಗೆ ಈ ಪ್ರಶ್ನೆಗಳು ದೂರದವಲ್ಲ.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಶಾಲೆಯ ವಾರ್ಷಿಕೋತ್ಸವದಲ್ಲಿ ನೃತ್ಯ ಮಾಡಿದ ಹುಡುಗಿಯ ಚಿತ್ರವನ್ನು ಅವಳ ಅಕ್ಕ ವಾಟ್ಸ್‌ಆ್ಯಪ್‌ನಲ್ಲಿ ಹಾಕುತ್ತಾಳೆ. ಬಳ್ಳಾರಿಯ ನೆಂಟರೊಬ್ಬರು ಮೆಚ್ಚಿ ಅದನ್ನು ಫೇಸ್‌ಬುಕ್‌ಗೆ ಏರಿಸುತ್ತಾರೆ. ಯಾರೋ ದುರುಳರು ಅದನ್ನು ಇಳಿಸಿಕೊಂಡು, ತಿದ್ದಿ, ಕೆಟ್ಟ ಮಾತುಗಳನ್ನು ಸೇರಿಸಿ ಹೊರದೇಶದ ಜಾಲತಾಣವೊಂದರಲ್ಲಿ ಪ್ರಕಟಿಸುತ್ತಾರೆ. ಮನೆಯವರು ಕಷ್ಟಪಟ್ಟು ನ್ಯಾಯಾಲಯದ ಆದೇಶ ತರುತ್ತಾರೆ. ‘ಭಾರತದಲ್ಲಿ ಕಾಣದಂತೆ ಮಾಡಿದ್ದೇವೆ’ ಎಂದು ಸಂಸ್ಥೆ ಉತ್ತರಿಸುತ್ತದೆ. ಇಲ್ಲಿ ಕಾಣುವುದು ನಿಂತಿತು, ನಿಜ. ಆದರೆ ದುಬೈಯಲ್ಲಿ ದುಡಿಯುತ್ತಿರುವ ಸೋದರಮಾವ ಅದನ್ನು ನೋಡಬಲ್ಲ. ಅಲ್ಲಿಂದ ಅದು ಮತ್ತೆ ಊರಿನ ಗುಂಪಿಗೆ ಬಂದು ಬೀಳಬಲ್ಲದು. ಆ ಹುಡುಗಿಗೆ ಸಿಕ್ಕಿದ್ದು ನ್ಯಾಯವೇ?

ತೆಗೆಯುವುದೆಂದರೆ ಮೂರು ಬಗೆ

ನಮ್ಮ ಕೆರೆಯ ನೀರಾವರಿಯನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮೊದಲನೆಯದು, ಮೂಲದಲ್ಲಿಯೇ ಅಳಿಸುವುದು. ಕೆರೆಯ ತೂಬನ್ನೇ ಮುಚ್ಚಿದಂತೆ, ಆಗ ಯಾವ ಕಾಲುವೆಗೂ ನೀರು ಹೋಗುವುದಿಲ್ಲ. ಎರಡನೆಯದು, ಒಂದು ದೇಶದಲ್ಲಿ ಮಾತ್ರ ಕಾಣದಂತೆ ತಡೆಯುವುದು. ಅಂತರ್ಜಾಲಕ್ಕೆ ಸೇರಿದ ಪ್ರತಿಯೊಂದು ಸಂಪರ್ಕಕ್ಕೂ ಐಪಿ ವಿಳಾಸವೆಂಬ ಅಂಕಿಗಳ ಗುರುತಿರುತ್ತದೆ. ಅದನ್ನು ನೋಡಿ, ನೋಡುವವರು ಯಾವ ದೇಶದಲ್ಲಿದ್ದಾರೆಂದು ಸಂಸ್ಥೆಯು ಅಂದಾಜಿಸಿ ಬಾಗಿಲು ಹಾಕುತ್ತದೆ. ಇದು ನಮ್ಮ ಹೊಲದ ಕಾಲುವೆಗೆ ಮಾತ್ರ ಅಡ್ಡಗಟ್ಟೆ ಹಾಕಿದಂತೆ. ನೀರು ಕೆರೆಯಲ್ಲಿ ಇದ್ದೇ ಇರುತ್ತದೆ. ವಿಪಿಎನ್ ಬಳಸಿ ತಾನು ಬೇರೆ ದೇಶದಲ್ಲಿರುವಂತೆ ತೋರಿಸಿಕೊಳ್ಳುವವನಿಗೆ ಈ ಗಟ್ಟೆ ತಡೆಯಾಗುವುದಿಲ್ಲ. ಮೂರನೆಯದು, ಗೂಗಲ್ ಮುಂತಾದ ಹುಡುಕು ಯಂತ್ರಗಳ ಫಲಿತಾಂಶದಿಂದ ತೆಗೆಯುವುದು. ಇಲ್ಲಿ ಮೂಲ ಪುಟ ಉಳಿದಿರುತ್ತದೆ. ಅದಕ್ಕೆ ದಾರಿ ತೋರುವ ಫಲಕ ಮಾತ್ರ ಇಲ್ಲವಾಗುತ್ತದೆ.

‘ತೆಗೆಸಿದ್ದೇವೆ’ ಎಂದು ಯಾರಾದರೂ ಹೇಳಿದಾಗ, ಈ ಮೂರರಲ್ಲಿ ಯಾವುದು ನಡೆದಿದೆ ಎಂದು ಕೇಳುವುದು ಅಗತ್ಯ. ಲೋಕದ ನ್ಯಾಯಾಲಯಗಳಲ್ಲಿ ನಡೆದಿರುವ ವಾದವೆಲ್ಲ ಬಹುಮಟ್ಟಿಗೆ ಈ ವ್ಯತ್ಯಾಸದ ಸುತ್ತಲೇ ಇದೆ.

ನಮ್ಮ ದೇಶದ ನ್ಯಾಯಾಲಯಗಳು ಹೇಳಿದ್ದೇನು?

ಭಾರತದಲ್ಲಿ ಈ ಪ್ರಶ್ನೆಯನ್ನು ವಿಸ್ತಾರವಾಗಿ ಚರ್ಚಿಸಿದ ತೀರ್ಪು ಬಂದದ್ದು 2019ರ ಅಕ್ಟೋಬರ್ 23ರಂದು, ದೆಹಲಿ ಉಚ್ಚ ನ್ಯಾಯಾಲಯದಿಂದ. ಯೋಗಗುರು ಬಾಬಾ ರಾಮದೇವ್ ಅವರ ಕುರಿತ ಪುಸ್ತಕವೊಂದರ ಕೆಲವು ಭಾಗಗಳು ಮಾನಹಾನಿಕರವೆಂದು ಆ ಮೊದಲೇ ತಡೆಯಾಜ್ಞೆ ಬಂದಿತ್ತು. ಅದೇ ಅಂಶಗಳನ್ನು ಒಳಗೊಂಡ ವಿಡಿಯೋ ಅಂತರ್ಜಾಲದಲ್ಲಿ ಹರಡಿದಾಗ, ಅದನ್ನು ಲೋಕದೆಲ್ಲೆಡೆಯಿಂದ ತೆಗೆಯಬೇಕೆಂದು ಅವರು ಕೋರಿದರು. ಭಾರತದಲ್ಲಿ ಕಾಣದಂತೆ ಮಾಡಲು ಫೇಸ್‌ಬುಕ್, ಗೂಗಲ್ ಮತ್ತು ಟ್ವಿಟರ್ ಸಂಸ್ಥೆಗಳು ಸಿದ್ಧವಿದ್ದವು. ಹೊರದೇಶಗಳಲ್ಲಿ ತೆಗೆಯಲು ಒಪ್ಪಲಿಲ್ಲ.

ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಅವರು ಎರಡು ಬಗೆಯಾಗಿ ತೀರ್ಮಾನಿಸಿದರು. ಭಾರತದೊಳಗಿನಿಂದ ಏರಿಸಿದ ವಿಷಯವನ್ನು ಲೋಕದಾದ್ಯಂತ ತೆಗೆಯಬೇಕು. ಹೊರದೇಶದಿಂದ ಏರಿಸಿದ್ದನ್ನು ಭಾರತದಲ್ಲಿ ಕಾಣದಂತೆ ತಡೆದರೆ ಸಾಕು. ಇದರ ಹಿಂದಿನ ತರ್ಕ ಸರಳವಾದುದು: ಇಲ್ಲಿಂದ ಏರಿಸಿದ ಒಂದು ವಿಷಯವು ಸಂಸ್ಥೆಯ ಜಾಲದ ಮೂಲಕ ಎಷ್ಟು ದೂರ ಹಬ್ಬಿತೋ, ತೆಗೆಯುವ ಹೊಣೆಯೂ ಅಷ್ಟೇ ದೂರ ಹಬ್ಬಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 79ನೆಯ ಕಲಮು ಮಧ್ಯವರ್ತಿ ಸಂಸ್ಥೆಗಳಿಗೆ ರಕ್ಷಣೆ ಕೊಡುತ್ತದೆ. ಆ ರಕ್ಷಣೆ ಬೇಕಾದರೆ ಆದೇಶವನ್ನು ಪೂರ್ಣವಾಗಿ ಪಾಲಿಸಬೇಕು ಎಂದು ತೀರ್ಪು ಹೇಳಿತು. ಇದರ ವಿರುದ್ಧ ಫೇಸ್‌ಬುಕ್ ವಿಭಾಗೀಯ ಪೀಠಕ್ಕೆ ಮೇಲ್ಮನವಿ ಸಲ್ಲಿಸಿತು.

ಪೋಷಕರಿಗೆ ಇನ್ನೂ ಹತ್ತಿರವಾದ ತೀರ್ಪು 2021ರ ಏಪ್ರಿಲ್ 20ರದು. ಮಹಿಳೆಯೊಬ್ಬರು ತಮ್ಮ ಖಾತೆಗಳಲ್ಲಿ ಹಾಕಿಕೊಂಡಿದ್ದ ಸಾಮಾನ್ಯ ಚಿತ್ರಗಳನ್ನು ಯಾರೋ ತೆಗೆದುಕೊಂಡು ಅಶ್ಲೀಲ ಜಾಲತಾಣದಲ್ಲಿ ಹಾಕಿದ್ದರು. ಚಿತ್ರಗಳಲ್ಲಿ ಅಶ್ಲೀಲವಾದುದೇನೂ ಇರಲಿಲ್ಲ. ಹಾಕಿದ ಸ್ಥಳವೇ ಅವಮಾನವಾಗಿತ್ತು. ತೆಗೆಯಬೇಕೆಂಬ ಆದೇಶ ಬಂದ ಮೇಲೂ ಅವು ಮತ್ತೆ ಮತ್ತೆ ಕಾಣಿಸಿಕೊಂಡವು. ಆಗ ದೆಹಲಿ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಅನೂಪ್ ಜೈರಾಮ್ ಭಂಭಾನಿ ಅವರು, ಜಾಲತಾಣವು 24 ಗಂಟೆಗಳೊಳಗೆ ಅವನ್ನು ತೆಗೆಯಬೇಕು, ತನಿಖೆಗಾಗಿ ಸಾಕ್ಷ್ಯವನ್ನು 180 ದಿನ ಕಾಪಾಡಬೇಕು, ಹುಡುಕು ಯಂತ್ರಗಳು ಆ ಕೊಂಡಿಗಳನ್ನು ಭಾರತದಲ್ಲಿ ಮಾತ್ರವಲ್ಲ, ಲೋಕದಾದ್ಯಂತ ತಮ್ಮ ಫಲಿತಾಂಶಗಳಿಂದ ಕೈಬಿಡಬೇಕು ಎಂದು ನಿರ್ದೇಶಿಸಿದರು. ಖಾಸಗಿ ಚಿತ್ರಗಳ ದುರ್ಬಳಕೆಯ ಮತ್ತೊಂದು ಪ್ರಕರಣದಲ್ಲಿ ಅದೇ ನ್ಯಾಯಾಲಯವು 2023ರ ಏಪ್ರಿಲ್ 26ರಂದು ಇನ್ನೊಂದು ಹೆಜ್ಜೆ ಇಟ್ಟಿತು. ಅದೇ ಚಿತ್ರ ಹೊಸ ಕೊಂಡಿಯಲ್ಲಿ ಕಂಡಾಗಲೆಲ್ಲ ನೊಂದವರು ಮತ್ತೆ ನ್ಯಾಯಾಲಯದ ಮೆಟ್ಟಿಲೇರುವಂತಾಗಬಾರದು ಎಂಬುದು ಅದರ ಸಾರ. ಈ ತೀರ್ಪನ್ನೂ ದೊಡ್ಡ ಸಂಸ್ಥೆಗಳು ಮೇಲ್ಮನವಿಯಲ್ಲಿ ಪ್ರಶ್ನಿಸಿದವು.

ಕರ್ನಾಟಕದಲ್ಲಿ ಇದಕ್ಕೆ ಸಮೀಪದ ಪ್ರಕರಣವೊಂದು ಇನ್ನೂ ಹಿಂದಿನದು. ತನ್ನ ಮಗಳ ಹೆಸರನ್ನು ಅಂತರ್ಜಾಲದಲ್ಲಿ ಹುಡುಕಿದರೆ, ಈಗಾಗಲೇ ರಾಜಿಯಲ್ಲಿ ಮುಗಿದುಹೋದ ಹಳೆಯ ಮೊಕದ್ದಮೆಯ ಆದೇಶ ಕಾಣುತ್ತದೆ, ಅದರಿಂದ ಅವಳ ಸಂಸಾರಕ್ಕೂ ಹೆಸರಿಗೂ ಕುಂದು ಬರುತ್ತದೆ ಎಂದು ತಂದೆಯೊಬ್ಬರು ಕರ್ನಾಟಕ ಉಚ್ಚ ನ್ಯಾಯಾಲಯಕ್ಕೆ ಹೋದರು. 2017ರ ಜನವರಿ 23ರಂದು ನ್ಯಾಯಮೂರ್ತಿ ಆನಂದ್ ಬೈರಾರೆಡ್ಡಿ ಅವರು, ಅಂತರ್ಜಾಲದ ಹುಡುಕಾಟದಲ್ಲಿ ಆಕೆಯ ಹೆಸರು ಕಾಣದಂತೆ ಪ್ರಯತ್ನಿಸಬೇಕೆಂದು ನ್ಯಾಯಾಲಯದ ರಿಜಿಸ್ಟ್ರಿಗೆ ಸೂಚಿಸಿದರು. ಮಹಿಳೆಯರಿಗೆ ಸಂಬಂಧಿಸಿದ ಸೂಕ್ಷ್ಮ ಪ್ರಕರಣಗಳಲ್ಲಿ ‘ಮರೆಯಲ್ಪಡುವ ಹಕ್ಕ’ನ್ನು ಮನ್ನಿಸಬೇಕೆಂಬುದು ಅವರ ನಿಲುವು. ಅದೇ ಆದೇಶದಲ್ಲಿ ಒಂದು ಮಿತಿಯೂ ಇದೆ: ದೃಢೀಕೃತ ಪ್ರತಿಯನ್ನು ಕೇಳಿದವರಿಗೆ ಹೆಸರು ಕಾಣಿಸುತ್ತದೆ. ಎಂದರೆ, ದಾಖಲೆ ಉಳಿಯಬೇಕು, ಬೀದಿಯಲ್ಲಿ ಡಂಗುರ ಮಾತ್ರ ನಿಲ್ಲಬೇಕು.

ಹೊರಗಿನ ಲೋಕದಲ್ಲಿ

ಇತರ ದೇಶಗಳೂ ಈ ವಿಷಯದಲ್ಲಿ ಒಂದೇ ಮಾತಿಗೆ ಬಂದಿಲ್ಲ. ಕೆನಡಾದ ಸಣ್ಣ ಸಂಸ್ಥೆಯಾದ ಈಕ್ವಸ್ಟೆಕ್‌ನ ಸರಕನ್ನು ವಿತರಿಸುತ್ತಿದ್ದವರು, ಅದರ ರಹಸ್ಯಗಳನ್ನು ಬಳಸಿಕೊಂಡು ತಮ್ಮದೇ ಸರಕನ್ನು ಅಂತರ್ಜಾಲದಲ್ಲಿ ಮಾರುತ್ತಿದ್ದರು. ಅವರ ತಾಣಗಳನ್ನು ಲೋಕದ ಎಲ್ಲ ಫಲಿತಾಂಶಗಳಿಂದ ತೆಗೆಯಬೇಕೆಂಬ ಆದೇಶವನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2017ರ ಜೂನ್ 28ರಂದು ಎತ್ತಿಹಿಡಿಯಿತು. ಗೂಗಲ್ ಅಮೆರಿಕದ ನ್ಯಾಯಾಲಯಕ್ಕೆ ಹೋಯಿತು. ಅದೇ ವರ್ಷದ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯವೊಂದು, ಆ ಆದೇಶವನ್ನು ಅಮೆರಿಕದಲ್ಲಿ ಜಾರಿಮಾಡಲಾಗದು ಎಂದಿತು. ಒಂದು ದೇಶದ ಸರ್ವೋಚ್ಚ ನ್ಯಾಯಾಲಯದ ಮಾತು ಪಕ್ಕದ ದೇಶದ ಗೆರೆಯ ಬಳಿ ನಿಂತುಹೋಯಿತು.

ಐರೋಪ್ಯ ಒಕ್ಕೂಟದ ನ್ಯಾಯಾಲಯವು 2019ರಲ್ಲಿ ಹತ್ತು ದಿನಗಳೊಳಗೆ ಎರಡು ತೀರ್ಪು ಕೊಟ್ಟಿತು. ಮರೆಯಲ್ಪಡುವ ಹಕ್ಕಿನ ಹೆಸರಿನಲ್ಲಿ ಹುಡುಕು ಯಂತ್ರವು ಲೋಕದಾದ್ಯಂತ ಫಲಿತಾಂಶಗಳನ್ನು ತೆಗೆಯಬೇಕೆಂದು ಒಕ್ಕೂಟದ ಕಾನೂನು ಕಡ್ಡಾಯಪಡಿಸುವುದಿಲ್ಲ ಎಂಬುದು ಸೆಪ್ಟೆಂಬರ್ 24ರ ತೀರ್ಪು. ಆಸ್ಟ್ರಿಯಾದ ರಾಜಕಾರಣಿಯೊಬ್ಬರನ್ನು ನಿಂದಿಸಿದ ಬರಹದ ವಿಷಯದಲ್ಲಿ, ಸದಸ್ಯ ದೇಶದ ನ್ಯಾಯಾಲಯವು ಲೋಕವ್ಯಾಪಿ ಆದೇಶ ನೀಡಲು ಒಕ್ಕೂಟದ ಕಾನೂನು ಅಡ್ಡಬರುವುದಿಲ್ಲ ಎಂಬುದು ಅಕ್ಟೋಬರ್ 3ರ ತೀರ್ಪು. 2024ರ ಏಪ್ರಿಲಿನಲ್ಲಿ ಸಿಡ್ನಿಯ ಚರ್ಚೊಂದರಲ್ಲಿ ನಡೆದ ಚೂರಿ ಇರಿತದ ವಿಡಿಯೋವನ್ನು ಎಲ್ಲೆಡೆಯಿಂದ ತೆಗೆಸಲು ಆಸ್ಟ್ರೇಲಿಯಾದ ನಿಯಂತ್ರಣ ಕಚೇರಿ ಪ್ರಯತ್ನಿಸಿತು. ಎಕ್ಸ್ ಸಂಸ್ಥೆ ಅದನ್ನು ಆಸ್ಟ್ರೇಲಿಯಾದಲ್ಲಿ ಮಾತ್ರ ಮರೆಮಾಡಿತ್ತು. ಮೊದಲು ಸಿಕ್ಕ ತಾತ್ಕಾಲಿಕ ತಡೆಯಾಜ್ಞೆಯನ್ನು ಮುಂದುವರಿಸಲು ನ್ಯಾಯಾಲಯ ಮೇ 13ರಂದು ನಿರಾಕರಿಸಿತು. ಜೂನ್‌ನಲ್ಲಿ ಕಚೇರಿಯು ಮೊಕದ್ದಮೆಯನ್ನು ಹಿಂದೆಗೆದುಕೊಂಡಿತು.

ಅಳಿಸುವ ಅಧಿಕಾರದ ಇನ್ನೊಂದು ಮುಖ

ಇಷ್ಟನ್ನು ಓದಿದ ಪೋಷಕರಿಗೆ, ಎಲ್ಲ ಆದೇಶಗಳೂ ಲೋಕವ್ಯಾಪಿಯಾಗಬಾರದೇಕೆ ಎನ್ನಿಸುವುದು ಸಹಜ. ಆದರೆ ಈ ಅಧಿಕಾರವನ್ನು ನಮ್ಮ ನ್ಯಾಯಾಲಯಕ್ಕೆ ಒಪ್ಪಿದರೆ ಇತರ ದೇಶಗಳ ನ್ಯಾಯಾಲಯಗಳಿಗೂ ಒಪ್ಪಬೇಕಾಗುತ್ತದೆ. ಆಗ ಎಲ್ಲಿಯೋ ದೂರದ ದೇಶದಲ್ಲಿ, ಅಲ್ಲಿನ ಆಳುವವರಿಗೆ ಬೇಡವಾದ ಚರಿತ್ರೆಯ ಪುಟವೊಂದು ಕಣೇಕಲ್ಲಿನ ವಿದ್ಯಾರ್ಥಿಗೂ ಸಿಗದೆ ಹೋಗಬಹುದು.

ಸಮೀಪದ ಉದಾಹರಣೆಯನ್ನೇ ನೋಡೋಣ. 2025ರ ಜುಲೈನಲ್ಲಿ, ಧರ್ಮಸ್ಥಳಕ್ಕೆ ಸಂಬಂಧಿಸಿದ ಆರೋಪಗಳ ಕುರಿತು ಪ್ರಕಟವಾಗಿದ್ದ 8 ಸಾವಿರಕ್ಕೂ ಹೆಚ್ಚು ಕೊಂಡಿಗಳ ವಿಷಯದಲ್ಲಿ ಬೆಂಗಳೂರಿನ ಸಿವಿಲ್ ನ್ಯಾಯಾಲಯವು ಎದುರು ಪಕ್ಷದ ಮಾತು ಕೇಳುವ ಮೊದಲೇ ಮಧ್ಯಂತರ ಆದೇಶ ನೀಡಿತು. ಯೂಟ್ಯೂಬ್ ವಾಹಿನಿಯೊಂದರ ಅರ್ಜಿಯ ಮೇರೆಗೆ ಕರ್ನಾಟಕ ಉಚ್ಚ ನ್ಯಾಯಾಲಯವು ಆಗಸ್ಟ್ 1ರಂದು ಆ ಆದೇಶವನ್ನು ಬದಿಗೊತ್ತಿತು. ಆರೋಪಗಳ ಸತ್ಯಾಸತ್ಯತೆ ಇಲ್ಲಿ ನಮ್ಮ ವಿಷಯವಲ್ಲ. ಇಷ್ಟೊಂದು ಮಾತುಗಳನ್ನು ಒಂದೇ ಆದೇಶದಿಂದ ಒಟ್ಟಿಗೆ ಅಳಿಸಬಹುದೆಂಬುದೇ ಗಮನಿಸಬೇಕಾದ ಸಂಗತಿ. ನಮ್ಮಂತಹ ಸಣ್ಣ ಸುದ್ದಿತಾಣವು ಕನ್ನಡ ಶಾಲೆಯ ಮುಚ್ಚಿದ ಕೊಠಡಿಯ ಬಗ್ಗೆ, ಬಾರದ ಶಿಕ್ಷಕರ ಬಗ್ಗೆ ಬರೆಯುತ್ತದೆ. ಅದನ್ನು ಇಷ್ಟಪಡದ ಬಲಶಾಲಿಯೊಬ್ಬ ದೂರದ ನ್ಯಾಯಾಲಯದಿಂದ ಲೋಕವ್ಯಾಪಿ ಆದೇಶ ತಂದರೆ, ಅಲ್ಲಿಗೆ ಹೋಗಿ ವಾದಿಸುವ ಶಕ್ತಿ ನಮಗಿಲ್ಲ. ಆಗ ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ.

ಆದುದರಿಂದ ನಾವು ಒಂದು ಭೇದವನ್ನು ಮುಂದಿಡುತ್ತೇವೆ. ಅಳಿಸಬೇಕೆಂದು ಕೇಳುತ್ತಿರುವುದು ಒಬ್ಬ ವ್ಯಕ್ತಿಯ ದೇಹ, ಬಾಲ್ಯ, ಖಾಸಗಿ ಬದುಕನ್ನೋ, ಅಥವಾ ಅಧಿಕಾರದಲ್ಲಿರುವವರ ಕುರಿತ ಪ್ರಶ್ನೆಯನ್ನೋ? ಮೊದಲನೆಯದಕ್ಕೆ ಗಡಿ ಅಡ್ಡಬರಬಾರದು. ಯಾವ ದೇಶದ ಸಾರ್ವಜನಿಕ ಹಿತಕ್ಕೂ ಒಂದು ಮಗುವಿನ ತಿದ್ದಿದ ಚಿತ್ರ ಬೇಕಾಗಿಲ್ಲ. ಎರಡನೆಯದಕ್ಕೆ ಆಯಾ ದೇಶದ ಗಡಿಯೇ ಒಂದು ರಕ್ಷಣೆ. ಮೇಲೆ ಹೇಳಿದ 2021ರ ತೀರ್ಪು ನಮಗೆ ಮೊದಲನೆಯ ಬಗೆಯದಾಗಿ ಕಾಣುತ್ತದೆ. ರಾಮದೇವ್ ಪ್ರಕರಣದ ಬಗ್ಗೆ ಅಷ್ಟು ಸುಲಭವಾಗಿ ಹಾಗೆನ್ನಲಾಗದು.

ಮನೆಯವರು ಮಾಡಬೇಕಾದದ್ದು

ಲೋಕವ್ಯಾಪಿ ಆದೇಶಕ್ಕೆ ಕಾಯುತ್ತ ಕೂರುವುದು ಯಾವ ಕುಟುಂಬಕ್ಕೂ ಸಾಧ್ಯವಿಲ್ಲ. ಮೊದಲ ಕೆಲವು ಗಂಟೆಗಳಲ್ಲಿ ಮಾಡುವ ಕೆಲಸವೇ ಹೆಚ್ಚು ಫಲ ಕೊಡುತ್ತದೆ.

ಮೊದಲು, ಕೊಂಡಿಯ ಪೂರ್ಣ ವಿಳಾಸ, ಹಾಕಿದ ಖಾತೆಯ ಹೆಸರು, ಕಂಡ ದಿನಾಂಕ ಮತ್ತು ಸಮಯವನ್ನು ಬರೆದಿಡಿ. ನ್ಯಾಯಾಲಯವಾಗಲಿ ಸಂಸ್ಥೆಯಾಗಲಿ ಮೊದಲು ಕೇಳುವುದು ಇದನ್ನೇ. ಚಿತ್ರವನ್ನು ‘ನೋಡಿ, ಹೀಗಾಗಿದೆ’ ಎಂದು ಯಾರಿಗೂ ಕಳುಹಿಸಬೇಡಿ. 18 ವರ್ಷದೊಳಗಿನ ಮಕ್ಕಳ ಅಶ್ಲೀಲ ಚಿತ್ರವಾದರೆ ಅದನ್ನು ಹಂಚುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ ಪೋಕ್ಸೊ ಕಾಯ್ದೆಯಡಿ ಅಪರಾಧವಾಗಬಹುದೆಂದು ಸರ್ವೋಚ್ಚ ನ್ಯಾಯಾಲಯವು 2024ರ ಸೆಪ್ಟೆಂಬರ್ 23ರಂದು ಸ್ಪಷ್ಟಪಡಿಸಿದೆ. ಆದುದರಿಂದ ಕೊಂಡಿಯನ್ನು ಬರೆದಿಟ್ಟು ನೇರವಾಗಿ ಪೊಲೀಸರಿಗೆ ತೋರಿಸುವುದೇ ಕ್ಷೇಮ.

ಎರಡನೆಯದಾಗಿ, ಚಿತ್ರವಿರುವ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. ಸಾಮಾನ್ಯ ಬರಹಗಳ ವಿಷಯದಲ್ಲಿ ನ್ಯಾಯಾಲಯದ ಅಥವಾ ಸರ್ಕಾರದ ಆದೇಶವಿಲ್ಲದೆ ಸಂಸ್ಥೆ ತೆಗೆಯಬೇಕಾಗಿಲ್ಲ ಎಂದು 2015ರ ಶ್ರೇಯಾ ಸಿಂಘಾಲ್ ತೀರ್ಪು ಹೇಳಿದೆ. ಆದರೆ ನಗ್ನತೆ, ಖಾಸಗಿ ಅಂಗ, ತಿದ್ದಿದ ಚಿತ್ರ, ಸೋಗುಹಾಕುವಿಕೆಗಳ ವಿಷಯದಲ್ಲಿ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಬೇರೆ ದಾರಿ ತೆರೆದವು. ನೊಂದವರು ಅಥವಾ ಅವರ ಪರವಾಗಿ ಮತ್ತೊಬ್ಬರು ದೂರು ಕೊಟ್ಟ 24 ಗಂಟೆಗಳೊಳಗೆ ಕ್ರಮ ಕೈಗೊಳ್ಳಬೇಕೆಂದು ಅವು ವಿಧಿಸಿದವು. ಇದಕ್ಕೆ ವಕೀಲರಾಗಲಿ ನ್ಯಾಯಾಲಯದ ಶುಲ್ಕವಾಗಲಿ ಬೇಕಿಲ್ಲ. ಅಧಿಕಾರಿಯ ಉತ್ತರ ಸಮಾಧಾನ ತರದಿದ್ದರೆ ಕೇಂದ್ರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಹೋಗಬಹುದು.

ಮೂರನೆಯದಾಗಿ, ಪೊಲೀಸ್ ಠಾಣೆಗೆ ಹೋಗಿ. ‘ಚಿತ್ರ ಹಾಕಿದವನು ಬಳ್ಳಾರಿಯವನು, ಅಲ್ಲಿಗೇ ಹೋಗಿ’ ಎಂಬ ಮಾತಿಗೆ ಹಿಂದಿರುಗಬೇಕಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ, ಪೊಲೀಸರು ತಾವೇ ತನಿಖೆ ನಡೆಸಬಹುದಾದ ಅಪರಾಧ ಎಲ್ಲಿ ನಡೆದಿದ್ದರೂ ಅದರ ಮಾಹಿತಿಯನ್ನು ಯಾವುದೇ ಠಾಣೆಯಲ್ಲಿ ಕೊಡಬಹುದು. ಗಡಿಯವರಾದ ನಮಗೆ ಇದು ಬಹಳ ಉಪಯುಕ್ತವಾದ ಕಲಮು. ಭಾಷೆಯ ಅಂಜಿಕೆಯೂ ಬೇಡ. ಯಾವುದೇ ಅಧಿಕಾರಿಗೆ ಅಹವಾಲನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ. ತೆಲುಗಿನಲ್ಲಿ ಬರೆಯಲು ಬಾರದ ತಾಯಿ ಕನ್ನಡದಲ್ಲಿಯೇ ಬರೆದುಕೊಡಬಹುದು. ಮಕ್ಕಳ ಸಹಾಯವಾಣಿ 1098 ಮತ್ತು ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ದೂರು ತಾಣವೂ ಇವೆ.

ನಾಲ್ಕನೆಯದಾಗಿ, ಗಡಿಯಿಲ್ಲದ ಒಂದು ದಾರಿಯೂ ಇದೆ. ಅಮೆರಿಕದ ಮಕ್ಕಳ ರಕ್ಷಣಾ ಕೇಂದ್ರವೊಂದು ನಡೆಸುವ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯು 18 ವರ್ಷದೊಳಗೆ ತೆಗೆದ ನಗ್ನ ಅಥವಾ ಅರೆನಗ್ನ ಚಿತ್ರಗಳಿಗಾಗಿ ಇದೆ. ವಯಸ್ಕರಿಗೆ ‘ಸ್ಟಾಪ್ ಎನ್‌ಸಿಐಐ’ ಇದೆ. ಚಿತ್ರವು ನಿಮ್ಮ ಫೋನಿನಿಂದ ಹೊರಗೆ ಹೋಗುವುದಿಲ್ಲ. ಅದರಿಂದ ಹುಟ್ಟಿಸಿದ ಅಂಕಿ-ಅಕ್ಷರಗಳ ಗುರುತು ಮಾತ್ರ ಹೋಗುತ್ತದೆ. ಈ ವ್ಯವಸ್ಥೆಗೆ ಸೇರಿದ ಸಂಸ್ಥೆಗಳು ಆ ಗುರುತಿನ ಚಿತ್ರ ತಮ್ಮಲ್ಲಿ ಕಂಡರೆ ತಡೆಯುತ್ತವೆ. ಸೇರದ ತಾಣಗಳಿಗೆ ಇದು ಅನ್ವಯಿಸದು.

ಶಾಲೆಗಳಿಗೂ ಒಂದು ಮಾತು. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದೂ ತಿಳಿಸದಿರುವುದು ಪೋಕ್ಸೊ ಕಾಯ್ದೆಯಡಿ ಶಿಕ್ಷಾರ್ಹ. ‘ಶಾಲೆಯ ಹೆಸರು ಕೆಡುತ್ತದೆ, ಮೊದಲೇ ಕನ್ನಡ ಶಾಲೆಗೆ ಮಕ್ಕಳು ಕಡಿಮೆ’ ಎಂಬ ಅಳುಕು ನಮಗೆ ಅರ್ಥವಾಗುತ್ತದೆ. ಆದರೆ ಮಗುವನ್ನು ಕಾಪಾಡದೆ ಶಾಲೆಯನ್ನು ಕಾಪಾಡಲಾಗದು. ಅದೇ ಕಾಯ್ದೆಯ 23ನೆಯ ಕಲಮು ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರಗಳನ್ನು ಪ್ರಕಟಿಸದಂತೆ ಮಾಧ್ಯಮಗಳನ್ನು ನಿರ್ಬಂಧಿಸುತ್ತದೆ. ಆ ನಿರ್ಬಂಧ ನಮಗೂ ಅನ್ವಯಿಸುತ್ತದೆ. ಅದನ್ನು ನಾವು ಹೊರೆಯೆಂದು ತಿಳಿದಿಲ್ಲ.

ಮಕ್ಕಳಿಗೆ ಹೇಳಬೇಕಾದದ್ದು ಇದಕ್ಕಿಂತ ಮುಖ್ಯ. ಇಂತಹದೇನಾದರೂ ನಡೆದರೆ ತಪ್ಪು ಚಿತ್ರವನ್ನು ದುರ್ಬಳಕೆ ಮಾಡಿದವನದು, ಚಿತ್ರದಲ್ಲಿರುವವಳದಲ್ಲ. ‘ಫೋನ್ ಕಿತ್ತುಕೊಳ್ಳುತ್ತಾರೆ, ಶಾಲೆ ಬಿಡಿಸುತ್ತಾರೆ’ ಎಂಬ ಭಯವಿದ್ದರೆ ಹುಡುಗಿ ಬಾಯಿ ಬಿಡುವುದಿಲ್ಲ. ಅವಳು ಮೌನವಾಗಿರುವ ಒಂದೊಂದು ದಿನವೂ ಚಿತ್ರ ಇನ್ನಷ್ಟು ದೂರ ಹೋಗುತ್ತದೆ. ನ್ಯಾಯಾಲಯದ ಆದೇಶ ಯಾವ ಗಡಿಯವರೆಗೆ ಸಾಗಬೇಕೆಂಬ ವಾದ ಇನ್ನೂ ಬಹುಕಾಲ ನಡೆಯಬಹುದು. ಮಗಳು ಮೊದಲ ದಿನವೇ ಹೆದರದೆ ಬಂದು ಹೇಳುವಂತಹ ಮನೆಯನ್ನು ಕಟ್ಟಲು ಯಾವ ತೀರ್ಪಿಗೂ ಕಾಯಬೇಕಾಗಿಲ್ಲ.